ಕೌದಿಯ ಬಾಯಿ

ಮುಚ್ಚಿದ ವಸ್ತುವನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂಡುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಸೋಜಿಗ. ಗೋಡೆಯ ಮೇಲೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. ಅದರ ಕೆಳಗೇ ಕೂತು ಚಹಾ ಕುಡಿಯುತ್ತಾರೆ, ಮಳೆ ಬೆಳೆಯ ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. ಒಳಗೆ ಕೂತು ಟಿಕ್ ಅನ್ನುವವನು ಯಾರು, ಅವನಿಗೆ ದಣಿವಾಗುವುದಿಲ್ಲವೇ ಎಂದು ಒಬ್ಬರಾದರೂ ಕೇಳುವುದಿಲ್ಲ. ನಾನು ಹಾಗಲ್ಲ. ನಮ್ಮ ಮನೆಯಲ್ಲಿ ನಾನು ಬಿಚ್ಚಿ ನೋಡದ ಸಾಮಾನು ಎಂದರೆ ಒನಕೆ ಒಂದೇ, ಅದಕ್ಕೆ ಮುಚ್ಚಳವಿರಲಿಲ್ಲ. ಬ್ಯಾಟರಿ, ಸ್ಟೋವು, ಬಾಗಿಲ ಬೀಗ, ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರ, ಎಲ್ಲವೂ ನನ್ನ ಮುಂದೆ ಹೊಟ್ಟೆ ತೋರಿಸಿ ಹೋಗಿವೆ. ಸಾಲೋಟಗಿಯಿಂದ ಬರುತ್ತಿದ್ದ ನನ್ನ ಜೊತೆಯ ಮಾಸ್ತರರೊಬ್ಬರು ಊರಿಗೆ ಹೋಗುವಾಗ ಜೋಪಾನ ಮಾಡಿರಿ ಎಂದು ತಮ್ಮ ಟ್ರಾನ್ಸಿಸ್ಟರನ್ನು ನನ್ನ ಹತ್ತಿರ ಬಿಟ್ಟು ಹೋಗಿದ್ದರು. ಪಾಪ, ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಮೊದಲು ಸ್ಪಷ್ಟವಾಗಿ ಧಾರವಾಡ ಹಿಡಿಯುತ್ತಿದ್ದ ಆ ಪೆಟ್ಟಿಗೆ, ನನ್ನ ಕೈಯಿಂದ ಹೋದ ಮೇಲೆ ಬರೀ ಸಾಂಗಲಿ ಹಿಡಿಯತೊಡಗಿತು. ಅವರು ಬಹಳ ಒಳ್ಳೆಯವರು, ಏನೂ ಅನ್ನಲಿಲ್ಲ, ಮರಾಠಿ ಕಲಿತುಬಿಟ್ಟರು.

ಬಿಚ್ಚುವ ವಿದ್ಯೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ತೊಂದರೆ ಇರುವುದೆಲ್ಲ ಮುಚ್ಚುವುದರಲ್ಲಿ. ಬಿಚ್ಚುವಾಗ ಒಂದೊಂದೇ ಸ್ಕ್ರೂ ಎಷ್ಟು ಮರ್ಯಾದೆಯಿಂದ ಹೊರಗೆ ಬರುತ್ತದೆ! ಮುಚ್ಚುವಾಗ ಮಾತ್ರ ಎಲ್ಲ ಕೂಡಿ ನನ್ನ ಮೇಲೆ ಸಂಚು ಮಾಡುತ್ತವೆ. ಕೊನೆಗೆ ಒಂದಾದರೂ ಸ್ಕ್ರೂ ಅಂಗೈಯಲ್ಲಿ ಉಳಿದು, ನನ್ನನ್ನು ಏಕೆ ಬಿಟ್ಟಿರಿ ಎಂದು ಮಿಕಿಮಿಕಿ ನೋಡುತ್ತದೆ. ಇಂಥ ಅನಾಥ ಸ್ಕ್ರೂಗಳನ್ನು ನಮ್ಮವ್ವ ಒಂದು ಉಪ್ಪಿನಕಾಯಿ ಭರಣಿಯಲ್ಲಿ ಹಾಕಿಟ್ಟು, ಮನೆಗೆ ಬಂದ ಬೀಗರಿಗೆಲ್ಲ ತೋರಿಸುತ್ತಿದ್ದಳು. "ನೋಡ್ರಿ, ನಮ್ಮ ಮಾಸ್ತರನ ಗಳಿಕಿ."

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನಾನು ಇಂಡಿಯಲ್ಲಿ ಒಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಕಿವಿಯ ತನಕ ಕಟ್ಟು ಮೀಸೆ, ಕಾಲಿಗೆ ಊರಗಲದ ಬೆಲ್‌ಬಾಟಮ್ ಪ್ಯಾಂಟು. ಮನೆಯಲ್ಲಿ ನಾನು, ಅವ್ವ, ಇಬ್ಬರೇ. ಹೆಂಡತಿ ಶಾಂತಾ ಚೊಚ್ಚಲ ಬಾಣಂತನಕ್ಕೆ ತವರಿಗೆ, ಬಸವನ ಬಾಗೇವಾಡಿಗೆ ಹೋಗಿದ್ದಳು. ಅಲ್ಲಿಂದ ಹೆಣ್ಣು ಮಗು ಎಂದು ಸುದ್ದಿ ಬಂದ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು; ಹಂಚಿ ಬಂದವಳೇ ಸೂಜಿ ಹಿಡಿದು ಕೂತಳು. ಕೌದಿ ಮುಗಿಯುವುದು ಬಾಕಿ ಇತ್ತು.

ಕೌದಿ ಎಂದರೆ ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಅಡ್ಡ ಉದ್ದ ಸಾಲುಸಾಲಾಗಿ ಹೊಲಿದು ಮಾಡುವ ಹೊದಿಕೆ ಎಂದು ನಮ್ಮ ಕಡೆಯವರಿಗೆ ಹೇಳುವ ಅಗತ್ಯವಿಲ್ಲ. ಆದರೂ ಈ ಕೌದಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರ ಮೇಲ್ಮೈ ಅವ್ವನ ಮದುವೆಯ ಇಳಕಲ್ ಸೀರೆ. ಒಳಗೆ ತೀರಿಹೋದ ನಮ್ಮಪ್ಪನ ಧೋತರ, ಆತನ ರುಮಾಲು, ನಾನು ಕೂಸಾಗಿದ್ದಾಗ ಹೊದ್ದ ಕುಂಚಿಗೆಯ ಚೂರು. ಶಾಂತಾ ಗರ್ಭಿಣಿ ಎಂದು ತಿಳಿದಾಗಿನಿಂದ ಅವ್ವ ಅದನ್ನು ಹಿಡಿದವಳು ಬಿಟ್ಟಿರಲಿಲ್ಲ. ಆ ಹೊತ್ತಿಗಾಗಲೇ ಆಕೆಯ ಕಣ್ಣಿಗೆ ಪೊರೆ ಬರತೊಡಗಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. ಮುಂದಿನದೆಲ್ಲ ಬೆರಳಿನ ನೋಟದಲ್ಲೇ ನಡೆಯುತ್ತಿತ್ತು. ಎಡಗೈಯ ಹೆಬ್ಬೆರಳು ಮುಂದೆ ಮುಂದೆ ದಾರಿ ಹುಡುಕುತ್ತ ಹೋಗುವುದು, ಬಲಗೈಯ ಸೂಜಿ ಹಿಂದೆ ಹಿಂದೆ ಬರುವುದು. ಒಂದು ಸಲ ದಾರ ಕಡಿದುಕೊಂಡು ಸುಮ್ಮನೆ ಹೇಳಿದಳು: "ಇದ ನನ್ನ ಕಡೀ ಕೌದಿ ನೋಡು ತಮ್ಮಾ. ಇನ್ನ ಮುಂದ ಕಣ್ಣು ಆಗಂಗಿಲ್ಲ." ನಾನು ಕಣ್ಣಿನ ಒಳಗೆ ಮಸೂರ ಹೇಗಿರುತ್ತದೆ ಎಂದು ಆಕೆಗೆ ಪಾಠ ಹೇಳಿದೆ.

ಕೌದಿ ಮುಗಿದದ್ದು ನಾನು ಸಾಲೆಯಲ್ಲಿದ್ದಾಗ. ಸಂಜೆ ಬಂದರೆ ಅದು ಮಡಚಿಕೊಂಡು ಟ್ರಂಕಿನ ಮೇಲೆ ಕೂತಿತ್ತು. ಅವ್ವನಿಗೆ ಅಂದು ಭಾರೀ ಹುಮ್ಮಸ್ಸು. ನನ್ನನ್ನು ಹತ್ತಿರ ಕೂಡಿಸಿಕೊಂಡು, "ಎಲ್ಲಾ ಬಿಚ್ಚಿ ನೋಡಾಂವ ನೀ. ಈಗ ಬಿಚ್ಚಲಾರದ ಹೇಳು ನೋಡೂಣು. ಈ ಹೊಲಿಗಿ ಎಲ್ಲಿ ಮುಗಿದೈತಿ?" ಎಂದಳು. ನಾನು ನಾಲ್ಕೂ ಅಂಚು ನೋಡಿದೆ. ಕೌದಿಯ ಮೈ ತುಂಬ ಸಾಲು ಸಾಲು ಹೊಲಿಗೆ ಕಾಣುತ್ತದೆ, ಅಂಚಿನಲ್ಲಿ ಮಾತ್ರ ಏನೂ ಇಲ್ಲ! ಎರಡು ಬಟ್ಟೆ ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡು ನಿಂತಂತಿವೆ. ದಾರ ಇಲ್ಲ, ಗಂಟು ಇಲ್ಲ, ತುದಿ ಇಲ್ಲ. ನಾನು ಸೋತೆ ಎಂದು ಅವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಮರುದಿನ, ಬಾಣಂತಿಯನ್ನು ನೋಡಬೇಕು, ಬೀಗರ ಕೆಲಸಕ್ಕೆ ಕೈ ಜೋಡಿಸಬೇಕು ಎಂದು ಓಣಿಯ ಒಬ್ಬರ ಜೊತೆ ಬಾಗೇವಾಡಿಗೆ ಮುಂದಾಗಿ ಹೊರಟಳು. ಕೌದಿಯನ್ನು ಒಯ್ಯಲಿಲ್ಲ. ಕೂಸಿನ ಕೌದಿ ಸೋದರತ್ತೆಯ ಕೈಯಲ್ಲಿ ಬರಬೇಕು ಎಂಬುದು ನಮ್ಮ ಮನೆತನದ ರೂಢಿ. ಸೋದರತ್ತೆ ಎಂದರೆ ನನ್ನ ಅಕ್ಕ ಗಂಗವ್ವ. ಆಕೆಯನ್ನು ಕೊಟ್ಟದ್ದು ಸಿಂದಗಿಗೆ. ನಾನು ಕೌದಿ ತೆಗೆದುಕೊಂಡು ಸಿಂದಗಿಗೆ ಹೋಗಿ, ಅಲ್ಲಿಂದ ಅಕ್ಕನನ್ನು ಕರೆದುಕೊಂಡು ತೊಟ್ಟಿಲ ಕಾರ್ಯಕ್ಕೆ ಬಾಗೇವಾಡಿ ಮುಟ್ಟಬೇಕು. ಹೊರಡುವಾಗ ಬಸ್ಸಿನ ಕಿಟಕಿಯಿಂದ ಅವ್ವ ಕೂಗಿದಳು: "ಕೌದಿ ಜೋಪಾನ! ಬರೇ ನೋಡು, ಮುಟ್ಟಬ್ಯಾಡ!"

ಮುಟ್ಟಬಾರದು ಎಂದಮೇಲೆ ನೋಡು ಎಂದಾದರೂ ಏಕೆ ಅನ್ನಬೇಕು? ಇದನ್ನು ನಾನು ಇವತ್ತಿಗೂ ಕೇಳುತ್ತೇನೆ. ರವಿವಾರ ಅಂಗಳದ ಬಿಸಿಲಿನಲ್ಲಿ ಕೌದಿ ಹಾಸಿ, ಸಾಲೆಯ ಪ್ರಯೋಗದ ಕೋಣೆಯಿಂದ ತಂದಿದ್ದ ಭೂತಗನ್ನಡಿ ಹಿಡಿದು ಮೊಣಕಾಲೂರಿ ಕೂತೆ. ನೋಡಲಿಕ್ಕೆ ಪರವಾನಗಿ ಇತ್ತಲ್ಲ! ಒಂದು ಅಂಚು ಮುಗಿಯಿತು, ಎರಡನೆಯದು ಮುಗಿಯಿತು. ಕೊನೆಗೆ ಒಂದು ಮೂಲೆಯ ಹತ್ತಿರ ಅಕ್ಕಿನುಚ್ಚಿನಷ್ಟು ಉಬ್ಬು ಕಂಡಿತು. ಸಿಕ್ಕಿತು! ಗುಂಡುಸೂಜಿಯ ತುದಿಯಿಂದ ಒಂದಿಷ್ಟು ಎತ್ತಿದೆ. ಎತ್ತಿದ್ದು ಅಷ್ಟೇ. ಸಣ್ಣ ದಾರದ ತುದಿ ಹೊರಗೆ ಬಂತು. ಅದು ಎಲ್ಲಿಯ ತನಕ ಹೋಗಿದೆ ಎಂದು ತಿಳಿಯಬೇಕಾದರೆ ಒಂದಿಷ್ಟು ಎಳೆಯಲೇಬೇಕು. ಎಳೆದೆ. ಸರ್ರನೆ ಇಡೀ ದಾರ ನನ್ನ ಕೈಗೆ ಬಂತು, ಮೂಲೆಯ ಒಂದು ಮಗ್ಗಲು ಗೇಣುದ್ದ ಬಾಯಿ ಬಿಟ್ಟಿತು. ಆ ಬಾಯಿಯೊಳಗಿಂದ ಏನೋ ಒಂದು ಒಣ ಚೂರು ನೆಲಕ್ಕೆ ಬಿತ್ತು. ನೋಡಿದರೆ ರೊಟ್ಟಿ! ಬೆರಳಗಲದ, ಕಟಕಾಗಿ ಒಣಗಿದ ಜೋಳದ ರೊಟ್ಟಿಯ ಚೂರು. ನನಗೆ ಅಸಹ್ಯವಾಯಿತು. ಅವ್ವನ ಕಣ್ಣು ಕಾಣುವುದಿಲ್ಲ, ಹೊಲಿಯುವಾಗ ಯಾವುದೋ ಇಲಿ ತಂದು ಸೇರಿಸಿದೆ, ಸದ್ಯ ನಾನು ನೋಡಿದೆ, ಇಲ್ಲದಿದ್ದರೆ ನನ್ನ ಮಗಳು ಇಲಿಯ ಎಂಜಲಿನ ಮೇಲೆ ಮಲಗಬೇಕಾಗಿತ್ತು ಎಂದುಕೊಂಡು ಅದನ್ನು ಗೋಡೆಯಾಚೆ ಒಗೆದೆ. ಕಾಗೆ ಒಂದು ಕಾದು ಕೂತಂತೆ ಬಂದು ಒಯ್ಯಿತು. ನನ್ನ ಚಟದಿಂದ ಮೊದಲ ಬಾರಿಗೆ ಒಂದು ಒಳ್ಳೆಯ ಕೆಲಸವಾಯಿತು ಎಂಬ ಹೆಮ್ಮೆ ಬೇರೆ.

ಆಮೇಲೆ ಮುಚ್ಚುವ ಸರದಿ. ಸ್ಕ್ರೂ ಇಲ್ಲದ ವಸ್ತು, ಮಿಕ್ಕುವ ಭಯವಿಲ್ಲ ಎಂದು ಧೈರ್ಯದಿಂದಲೇ ಸೂಜಿ ಹಿಡಿದೆ. ಹೊಲಿಗೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಬಗೆ. ಇಂಡಿಯಲ್ಲಿ ಹುಟ್ಟಿದವನು ನಿಂಬೆಕಾಯಿ ಚೀಲದ ಬಾಯಿ ಹೊಲಿಯುವುದನ್ನು ನೋಡದೆ ಬೆಳೆಯಲು ಸಾಧ್ಯವಿಲ್ಲ. ದಬ್ಬಣಕ್ಕೆ ಸುತಳಿ ಹಾಕಿ, ಚೀಲದ ಬಾಯಿ ಕೂಡಿಸಿ, ಮೇಲಿಂದ ಸುತ್ತಿ ಸುತ್ತಿ ಎಳೆದು, ಕೊನೆಗೆ ಎತ್ತಲು ಅನುಕೂಲವಾಗಲಿ ಎಂದು ಮೂಲೆಯಲ್ಲಿ ಒಂದು ಕಿವಿ ಮಾಡುತ್ತಾರೆ. ಅದೇ ಪ್ರಕಾರ ಹೊಲಿದೆ. ಕೈ ರೂಢಿಯಿಂದ ಕಿವಿಯನ್ನೂ ಮಾಡಿದೆ. ಮುಗಿಸಿ ದೂರ ನಿಂತು ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು, ಆದರೆ ಮಡಚಿದರೆ ಕಾಣುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಸಿಂದಗಿಯ ಬಸ್ಸು ಹತ್ತಿದೆ.

ನಮ್ಮ ಅಕ್ಕನ ಕಣ್ಣಿಗೆ ಪೊರೆ ಬಂದಿರಲಿಲ್ಲ. ಕೌದಿಯನ್ನು ಬಿಚ್ಚಿದವಳೇ ಮೊದಲು ಹಿಡಿದದ್ದು ಆ ಕಿವಿಯನ್ನು. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಮುಖ ನೋಡಿದಳು.

"ಏನೋ ಮಲ್ಯಾ ಇದು? ಕೂಸಿನ ಕೌದಿನೋ, ನಿಂಬಿಕಾಯಿ ಚೀಲನೋ?"

"ಮೂಲಿ ಜರಾ ಬಿಚ್ಚಿತ್ತು. ಹೊಲದೇನಿ."

"ಅವ್ವನ ಹೊಲಿಗಿ ಬಿಚ್ಚಿತ್ತಂತ! ಭೂಮಿ ಬಿಚ್ಚಿದ್ರೂ ಅವ್ವನ ಹೊಲಿಗಿ ಬಿಚ್ಚಂಗಿಲ್ಲ. ನೀನs ಬಿಚ್ಚಿದಿ. ಖರೇ ಹೇಳು."

ಹೇಳಿದೆ. ಇಲಿಯ ಎಂಜಲು ತೆಗೆದು ಒಗೆದ ಪರಾಕ್ರಮವನ್ನೂ ಹೇಳಿದೆ. ಅಕ್ಕ ಕೂತಲ್ಲೇ ಹಣೆ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಅದು ಇಲಿ ಇಟ್ಟದ್ದಲ್ಲೋ ಶಾಣ್ಯಾ, ಅವ್ವ ಇಟ್ಟದ್ದು! ಕೌದಿ ಬಾಯಿ ಮುಚ್ಚೂಕಿಂತ ಮದಲ ಅದಕ್ಕ ಉಣಸ್ತಾರ. ಕೌದಿ ಹಸದಿದ್ರ, ಅದರಾಗ ಮಲಗಿದ ಕೂಸೂ ಹಸಗೊಂಡು ಅಳತೈತಂತ. ನೀ ಕೂಸಾಗಿದ್ದಾಗ ಹೊದ್ದ ಕೌದಿಗೂ ಅವ್ವ ಹಿಂಗs ಉಣಸಿದ್ಲು. ವಿಜ್ಞಾನ ಕಲಸ್ತಾನಂತ, ಮನ್ಯಾಗಿನ ಮಾತು ಒಂದು ಗೊತ್ತಿಲ್ಲ!"

ಕೌದಿಯ ಹೊಟ್ಟೆ ಹಸಿವಿನಲ್ಲಿ ನನಗೆ ನಂಬಿಕೆ ಇತ್ತೋ ಇಲ್ಲವೋ, ಆ ಮಾತು ಬೇರೆ. ಆದರೆ ಕಣ್ಣು ಕಾಣದ ಮುದುಕಿ, ತನ್ನ ಕೊನೆಯ ಕೌದಿಯ ಬಾಯಲ್ಲಿ ತನ್ನ ಕೈಯಾರೆ ತುತ್ತಿಟ್ಟು, ಮೊಮ್ಮಗಳ ಹೊಟ್ಟೆ ತಣ್ಣಗಿರಲಿ ಎಂದು ಮುಚ್ಚಿದ್ದನ್ನು ನಾನು ಕಾಗೆಗೆ ಹಾಕಿದ್ದೆ. ಅವ್ವನಿಗೆ ಇದು ತಿಳಿದರೆ ಆಕೆ ಬೈಯುವುದಿಲ್ಲ, ಸುಮ್ಮನಾಗುತ್ತಾಳೆ. ಆ ಸುಮ್ಮನಾಗುವುದೇ ನನಗೆ ಬೇಡವಾಗಿತ್ತು. "ಅಕ್ಕಾ, ನೀನs ಹೊಲದ ಕೊಡು, ನಿನ್ನ ಕಾಲಿಗೆ ಬೀಳ್ತೇನಿ" ಎಂದೆ.

"ನಾ ಹೊಲಿಯಂಗಿಲ್ಲ. ಅವ್ವ ಕೈಯಾಡಿಸಿದ ಕೂಡಲೇ ಇದು ಗಂಗಿ ಕೈ ಅಂತ ಹಿಡೀತಾಳ. ನನ್ನ ಕೈ ಆಕಿಗೆ ಗೊತ್ತೈತಿ. ನಿನ್ನ ಕೈ ಯಾರಿಗೂ ಗೊತ್ತಿಲ್ಲ. ನೀನs ಕಲಿ, ನೀನs ಹೊಲಿ."

ಹೀಗೆ, ಮೀಸೆ ಬಂದ ಮೇಲೆ ನನಗೆ ಹೊಲಿಗೆಯ ಅಕ್ಷರಾಭ್ಯಾಸವಾಯಿತು. ಸಿಂದಗಿಯ ಆ ಪಡಸಾಲೆಯಲ್ಲಿ ಅಕ್ಕ ಒಂದು ಹಳೆಯ ಲಂಗದ ಚೂರು ಕೊಟ್ಟು ಕೂಡಿಸಿದಳು. ನಾನು ಹಿಡಿದ ದಾರವನ್ನು ನೋಡಿ ಮೊದಲು ಬೈಗುಳ. "ಇಷ್ಟುದ್ದ ಯಾಕೋ? ಬಾಂವಿ ನೀರ ಸೇದತೀಯೇನು? ಮೊಳ ಸಾಕು." ಆಮೇಲೆ ಗಂಟು. ನಾನು ಹಾಕಿದ ಗಂಟು ಕಡಲೆಕಾಳಿನಷ್ಟಾಯಿತು. "ಹರೇದ ಹುಡುಗ್ಯಾರು ಮೂಗಿನ್ಯಾಗ ಇಟಗೊಳ್ಳಾಕ ಚಂದೈತಿ" ಎಂದು ಕಡಿದು ಒಗೆದಳು. ಬೆರಳ ತುದಿಗೆ ದಾರ ಒಂದು ಸುತ್ತು ಸುತ್ತಿ, ಉಜ್ಜಿ, ಜಾರಿಸಿ ಸಣ್ಣ ಗಂಟು ಮಾಡುವುದನ್ನು ತೋರಿಸಿದಳು. ಅದನ್ನು ಮಾಡಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಭಾವನವರು ಹೊಲಕ್ಕೆ ಹೋಗುವಾಗ ನೋಡಿ ನಕ್ಕರು, ತಿರುಗಿ ಬಂದಾಗ ನೋಡಿ ನಗಲೂ ಇಲ್ಲ.

ಆದರೆ ಆ ಅಂಚಿನ ಹೊಲಿಗೆಯ ಗುಟ್ಟು ಬಿಚ್ಚಿಕೊಂಡಾಗ, ಆಹಾ! ನಾನು ಬೆರಗಾಗಿ ಹೋದೆ. ಎರಡೂ ಬಟ್ಟೆಯ ಅಂಚನ್ನು ಒಳಗೆ ಮಡಚಬೇಕು. ಸೂಜಿಯನ್ನು ಮಡಿಕೆಯ ಒಳಗಿನಿಂದ ಹೊರಗೆ ತೆಗೆಯಬೇಕು, ಆಗ ಗಂಟು ಒಳಗೇ ಉಳಿಯುತ್ತದೆ. ಎದುರಿನ ಮಡಿಕೆಯಲ್ಲಿ ಒಂದೆರಡು ಎಳೆ ಮಾತ್ರ ಹಿಡಿಯಬೇಕು. ಆಮೇಲೆ ಸೂಜಿ ಮಡಿಕೆಯ ಒಳಗೇ ಜೋಳದ ಕಾಳಿನಷ್ಟು ದೂರ ನಡೆದು ಮತ್ತೆ ತಲೆ ಹೊರಗೆ ಹಾಕಬೇಕು. ಹೀಗೆ ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು. ಕೊನೆಗೆ ಹಗೂರಕ್ಕೆ ಎಳೆದರೆ ಎರಡು ಅಂಚೂ ಕೂಡಿಕೊಂಡು ದಾರ ಮಾಯ! ಅದು ಎಲ್ಲಿಯೂ ಹೋಗಿರುವುದಿಲ್ಲ, ಒಳಗೇ ಇರುತ್ತದೆ. ಕೆಲಸವನ್ನೆಲ್ಲ ಅದೇ ಮಾಡುತ್ತಿರುತ್ತದೆ. ನಾನು ಎಷ್ಟೋ ಯಂತ್ರದ ಹೊಟ್ಟೆ ನೋಡಿದ್ದೆ, ಇಷ್ಟು ಸರಳವಾದ, ಇಷ್ಟು ಜಾಣತನದ ಏರ್ಪಾಡು ಕಂಡಿರಲಿಲ್ಲ. ಲಂಗದ ಚೂರಿನ ಮೇಲೆ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಬಿಗಿಯಾಗಿ ಎಳೆದರೆ ಬಟ್ಟೆ ಮುಖ ಗಂಟಿಕ್ಕುತ್ತದೆ, ಸಡಿಲ ಬಿಟ್ಟರೆ ಹಲ್ಲು ತೋರಿಸುತ್ತದೆ. ಏಕೆ ಹೀಗೆ, ಹೀಗೆ ಮಾಡಿದರೆ ಏನಾಗುತ್ತದೆ ಎಂದು ನಾನು ಕೇಳಿದ ಪ್ರಶ್ನೆಗಳಿಗೆ ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. "ನಿನ್ನ ಸಾಲಿ ಹುಡುಗೂರು ಹೆಂಗ ತಡಕೋತಾರೋ ಮಾರಾಯಾ! ಕಡೀಕ ಒಂದು ಗಂಟ ಹಾಕಿ, ಸೂಜಿ ಒಳಗ ಹಾಯಿಸಿ ದಾರ ಕಡಿ. ಬಾಯಿ ಮುಚ್ಚೂಕಿಂತ ಮದಲ ಒಂದು ಚೂರ ರೊಟ್ಟಿ ಇಡೂದ ಮರೀಬ್ಯಾಡ" ಎಂದು ಒಳಗೆ ಹೋದಳು. ಬಾಗೇವಾಡಿಗೆ ಒಯ್ಯಲು ಶೇಂಗಾ ಹೋಳಿಗೆ ಮಾಡುವ ಕೆಲಸ ಆಕೆಗೆ ಒಲೆಯ ಮೇಲೆ ಕಾದಿತ್ತು.

ಇಲ್ಲಿಂದ ಮುಂದಿನದಕ್ಕೆ ಅಕ್ಕ ಜವಾಬ್ದಾರಳಲ್ಲ ಎಂದು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಿವಿ ಬಿಚ್ಚಿ ತೆಗೆದು, ಅಂಚು ಮಡಚಿ ಸಿದ್ಧ ಮಾಡಿಕೊಂಡು ನಾನು ರೊಟ್ಟಿಗಾಗಿ ಅಡುಗೆಮನೆಗೆ ಹೋದೆ. ಬುಟ್ಟಿಯಲ್ಲಿ ಬಿಸಿ ಬಿಸಿ ಶೇಂಗಾ ಹೋಳಿಗೆ! ಬೆಲ್ಲದ ವಾಸನೆ ಘಮ್ ಎನ್ನುತ್ತಿತ್ತು. ಒಂದು ತಿಂದೆ. ತಿನ್ನುತ್ತಿದ್ದಂತೆ ಹೊಳೆಯಿತು: ಇಂಥ ಹೋಳಿಗೆ ಇರುವಾಗ ನನ್ನ ಚೊಚ್ಚಲ ಮಗಳ ಕೌದಿಗೆ ಒಣ ರೊಟ್ಟಿ ಏಕೆ? ಒಮ್ಮೆ ಅದರ ಬಾಯಿಂದ ತುತ್ತು ಕಸಿದವನು ನಾನು. ಈಗ ಕೊಡುವಾಗಲಾದರೂ ಕೈ ಬಿಚ್ಚಿ ಕೊಡಬಾರದೇ? ಅರ್ಧ ಹೋಳಿಗೆಯನ್ನು ಮಡಚಿ ಮೂಲೆಯೊಳಗೆ ತುರುಕಿದೆ. ಇನ್ನು ಹೊಲಿಗೆ. ಒಂದೇ ದಾರ ಸಾಕು ಎಂದಿದ್ದಳು ಅಕ್ಕ. ನಾನು ಎರಡೆಳೆ ಹಾಕಿದೆ. ಮೇಣದಬತ್ತಿ ಉಜ್ಜಿದರೆ ದಾರ ಗಟ್ಟಿಯಾಗುತ್ತದೆಂದು ಗೊತ್ತಿತ್ತು, ಉಜ್ಜಿದೆ. ಕೊನೆಗೆ ಒಂದು ಗಂಟು ಎಂದಿದ್ದಳು. ಅವ್ವನದು ಒಂದೇ ಗಂಟು ಇದ್ದದ್ದಕ್ಕೇ ಅಲ್ಲವೇ ಸರ್ರನೆ ಬಿಚ್ಚಿದ್ದು? ನಾನು ಪ್ರತಿ ಹೊಲಿಗೆಗೂ ಒಂದೊಂದು ಗಂಟು ಹಾಕಿ, ಒಂದೊಂದನ್ನೂ ಒಳಗೆ ಬಚ್ಚಿಟ್ಟೆ. ಮುಗಿಸಿ ನೋಡಿದರೆ ಹೊರಗೆ ಏನೆಂದರೆ ಏನೂ ಕಾಣುತ್ತಿರಲಿಲ್ಲ. ಅಕ್ಕ ಬಂದು ನೋಡಿ, ಮೊದಲ ಸಲ ನನ್ನನ್ನು ಹೊಗಳಿದಳು. "ಅಡ್ಡಿಯಿಲ್ಲೋ ಮಲ್ಯಾ! ಮಾಸ್ತರಕಿ ಬಿಟ್ಟರೂ ಉಪಾಸ ಸಾಯಂಗಿಲ್ಲ ನೀ."

ಮರುದಿನ ಮುಂಜಾನೆ ಬಸ್ಸಿನಲ್ಲಿ ಕೌದಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಯಂಕಂಚಿಯ ಒಬ್ಬ ರೈತರು. ಸ್ವಲ್ಪ ಹೊತ್ತು ಮೂಗು ಅರಳಿಸಿ, "ಏನ್ರೀ ಮಾಸ್ತರ, ಬೆಲ್ಲ ಒಯ್ಯಾಕತ್ತೀರೇನು?" ಎಂದರು. "ಇಲ್ರಿ, ಕೌದಿ" ಎಂದೆ. ಅವರು ನನ್ನನ್ನು ಒಂದು ಥರಾ ನೋಡಿ ಆ ಕಡೆ ಸರಿದು ಕೂತರು. ಹೋಳಿಗೆಯ ಬುಟ್ಟಿ ಅಕ್ಕನ ಕೈಯಲ್ಲಿತ್ತಲ್ಲ, ಅದರ ವಾಸನೆ ಇರಬೇಕು ಎಂದುಕೊಂಡೆ.

ಬಾಗೇವಾಡಿಯ ಮಾವನವರ ಮನೆ ಮುತ್ತೈದೆಯರಿಂದ ತುಂಬಿತ್ತು. ಒಳಗೆ ಹೋಗಿ ಮಗಳ ಮುಖ ನೋಡಿದೆ. ಮುಷ್ಟಿ ಬಿಗಿಯಾಗಿ ಮುಚ್ಚಿಕೊಂಡು ಮಲಗಿತ್ತು. ಒಳಗೇನಿದೆ ಎಂದು ಬೆರಳು ಬಿಚ್ಚಿ ನೋಡಹೋದರೆ ಶಾಂತಾ, "ಬ್ಯಾಡ್ರಿ, ಅದನ್ನೂ ಬಿಚ್ಚಬ್ಯಾಡ್ರಿ!" ಎಂದಳು. ಅಕ್ಕ ಕೌದಿಯನ್ನು ಬಿಚ್ಚಿ ನಾಲ್ಕು ಜನರ ಮುಂದೆ ಹಿಡಿದಾಗ ಎಲ್ಲರೂ ಬಾಯಿತುಂಬ ಹೊಗಳಿದರು. ಅವ್ವ ತೊಟ್ಟಿಲಿನ ಪಕ್ಕದಲ್ಲಿ ಕೂತಿದ್ದಳು. ಕೌದಿ ಹಾಸುವ ಮೊದಲು ಒಮ್ಮೆ ಅಂಚಿನ ಗುಂಟ ಬೆರಳಾಡಿಸಿದಳು. ನನ್ನ ಮಗ್ಗಲಿಗೆ ಬಂದಾಗ ಬೆರಳು ನಿಂತಿತು. ಏನನ್ನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಜೋಗುಳ ಶುರುವಾಯಿತು. ಅಕ್ಕ ಬಾಗಿ ಕೂಸಿನ ಕಿವಿಯಲ್ಲಿ ಗೌರಿ ಎಂದು ಹೆಸರು ಹೇಳಿದಳು. ರೂಢಿಯ ಪ್ರಕಾರ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಧಬಧಬ ಗುದ್ದಿದರು. ನಾನು ಗೆದ್ದೆ ಎಂದುಕೊಂಡು ಮೀಸೆ ತೀಡಿಕೊಂಡೆ.

ಆಗ ನಮ್ಮ ಅತ್ತೆ, ಶಾಂತಾಳ ತಾಯಿ, ತೊಟ್ಟಿಲ ಸರಪಳಿ ನೋಡಿದರು. ಮೇಲಿನ ತೊಲೆಯಿಂದ ಸರಪಳಿಯ ಗುಂಟ ಕರಿ ಇರುವೆಯ ಸಾಲು ಶಿಸ್ತಿನಿಂದ ಇಳಿದು ಬರುತ್ತಿತ್ತು. "ಯವ್ವಾ! ಕೂಸಿನ ಎತ್ತ ಶಾಂತಾ, ಎತ್ತು!" ಎಂದರು. ಎತ್ತಿದರು. ಇರುವೆಗಳು ಕೂಸಿನ ಗೊಡವೆಗೆ ಹೋಗಿರಲಿಲ್ಲ. ಅವುಗಳ ಲಕ್ಷ್ಯವೆಲ್ಲ ಕೌದಿಯ ಒಂದು ಮೂಲೆಯ ಮೇಲಿತ್ತು. ಅತ್ತೆ ಮರ್ಯಾದೆ ಬಿಡದೆ ಹೇಳಿದರು, "ಬೀಗ್ತೇರ, ನಿಮ್ಮ ಕೌದಿಗೆ ಇರವಿ ಹತ್ಯಾವ ನೋಡ್ರಿ." ಯಾರೋ ಹಿಂದಿನಿಂದ, "ಪಾಪ, ಕಣ್ಣ ಕಾಣಂಗಿಲ್ಲಲ್ಲ ಹಿರ್ಯಾಕಿಗೆ" ಎಂದರು. ಅವ್ವನ ಮುಖ ಸಣ್ಣದಾಯಿತು. ಆಕೆ ಸೆರಗಿನಿಂದ ಕೌದಿ ಕೊಡವತೊಡಗಿದಳು. ನನಗೆ ತಡೆಯಲಾಗಲಿಲ್ಲ. "ಅವ್ವಂದು ಏನೂ ತಪ್ಪಿಲ್ರಿ! ನಾ ಬಿಚ್ಚಿದ್ದು, ನಾ ಹೊಲಿದದ್ದು, ಒಳಗ ಹೋಳಿಗಿ ಇಟ್ಟಾಂವನೂ ನಾನs!" ಎಂದು ಬಾಗಿಲಲ್ಲಿ ನಿಂತು ಒದರಿದೆ. ಕೂಡಲೇ ಅಕ್ಕನ ಧ್ವನಿ: "ಹೋಳಿಗೀನೋ? ಶೇಂಗಾ ಹೋಳಿಗೀನೋ? ಏ ಯವ್ವಗೋಳಿರಾ, ಉಳದ ಗುದ್ದು ಇವಗ ಹಾಕ್ರಿ!"

ಗುದ್ದು ಬಿದ್ದವು. ಅದು ಮುಗಿದ ಮೇಲೆ ಕೌದಿ ಬಿಚ್ಚುವ ಕೆಲಸ ಶುರುವಾಯಿತು, ಆಗ ಗೊತ್ತಾಯಿತು ನನ್ನ ವಿದ್ಯೆ ಎಂಥದೆಂದು. ಒಬ್ಬಾಕೆ ನೋಡಿದಳು, ತುದಿ ಇಲ್ಲ. ಇನ್ನೊಬ್ಬಾಕೆ ಉಗುರು ಹಾಕಿದಳು, ದಾರ ಸಿಗಲಿಲ್ಲ. ಸೂಜಿಯಿಂದ ಕೆದರಿದರು, ಮೇಣದ ದಾರ ಜಾರಿತು. ಕೌದಿ ಕೈಯಿಂದ ಕೈಗೆ ಹೋಗುತ್ತಿತ್ತು, ಹಿಂದಿನಿಂದ ಇರುವೆಯ ಮೆರವಣಿಗೆ. ಕೊನೆಗೆ, ಬಿಚ್ಚುವುದರಲ್ಲಿ ಪಳಗಿದ ಕೈ ಎಂದು ನನಗೇ ಕೊಟ್ಟರು. ಜನ್ಮದಲ್ಲಿ ಮೊದಲ ಸಲ ನಾನೊಂದು ವಸ್ತುವನ್ನು ಸರಿಯಾಗಿ ಮುಚ್ಚಿದ್ದೆ, ಅದು ನನಗೇ ಬಿಚ್ಚಲಿಲ್ಲ! ಯಾರೋ ಕತ್ತರಿ ತಂದರು. "ಹೆಸರಿಟ್ಟ ದಿನ ಕೂಸಿನ ಕೌದಿಗೆ ಕತ್ತರಿ ಹಚ್ಚತಾರೇನ್ರಿ? ಒಯ್ರಿ ಒಳಗ!" ಎಂದು ಅತ್ತೆ ಗದರಿದರು.

ಅಷ್ಟರಲ್ಲಿ ನನಗೊಂದು ಸದ್ದು ಕೇಳಿಸಿತು. ಅವ್ವ ನಗುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ತಾ ಇಲ್ಲೆ" ಎಂದು ಕೌದಿ ತೆಗೆದುಕೊಂಡಳು. ನನ್ನ ಹೊಲಿಗೆಯ ತಂಟೆಗೇ ಹೋಗಲಿಲ್ಲ. ಮೂಲೆಗೆ ಎರಡು ಮಗ್ಗಲು ಇರುತ್ತವೆ ಎಂಬುದು ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ಇನ್ನೊಂದು ಮಗ್ಗಲು ಆಕೆಯದೇ ಹೊಲಿಗೆ. ಬೆರಳಿನಿಂದ ತಡಕಿ, ಉಗುರಿನಿಂದ ಒಂದಿಷ್ಟು ಎತ್ತಿ, ಎಳೆದಳು. ಸರ್ರ್! ಅರ್ಧ ಹೋಳಿಗೆ ತನ್ನ ಪರಿವಾರ ಸಮೇತ ಹೊರಗೆ ಬಂತು. "ಒಣಾ ರೊಟ್ಟಿ ಯಾಕ ಇಡತಾರ ಅಂತ ಈಗ ತಿಳೀತೇನು ಮಾಸ್ತರ?" ಎಂದಳು. ಕೌದಿಯನ್ನು ಕೊಡವಿ, ಬಿಸಿಲಿಗೆ ಹಾಕಿ, ಇರುವೆಗಳೆಲ್ಲ ಹೋದ ಮೇಲೆ ಅತ್ತೆಯವರಿಂದ ಕಟಕ ರೊಟ್ಟಿಯ ಚೂರು ಇಸಿದುಕೊಂಡು ಇಟ್ಟಳು. ಆಮೇಲೆ ಸೂಜಿಯನ್ನು ನನ್ನ ಕಡೆ ಚಾಚಿದಳು. ಪೋಣಿಸಿ ತಿರುಗಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

"ನೀನs ಹೊಲಿ."

"ನಾ ಬ್ಯಾಡವ್ವಾ. ಮತ್ತ ಕೆಡಸ್ತೇನಿ."

"ನಿನ್ನ ಕೈ ಚೊಲೋ ಐತೋ. ಮುಂಜಾನೆ ಬೆರಳ ಆಡಸಿದಾಗs ಗೊತ್ತಾತು, ಇದು ಗಂಗಿದಲ್ಲ, ನಂದಲ್ಲ, ಆದ್ರ ನಮ್ಮ ಮನೀದs ಅಂತ. ಒಂದ ಮಾತು. ಗಂಟು ಒಂದs ಹಾಕು. ಮುಂದ ಯಾರರೆ ಬಿಚ್ಚಬೇಕಾಗತೈತಿ."

ಬೀಗರ ಮನೆಯ ನಡುಮನೆಯಲ್ಲಿ, ಅಷ್ಟೂ ಹೆಂಗಸರ ನಡುವೆ, ಬೆಲ್‌ಬಾಟಮ್ ಮಡಚಿಕೊಂಡು ಕೂತು ನಾನು ಹೊಲಿದೆ. ಅವ್ವ ಪಕ್ಕದಲ್ಲಿ ಕೂತು, ನಾನು ಹೊಲಿದಷ್ಟನ್ನೂ ಹಿಂದಿನಿಂದ ಬೆರಳಲ್ಲಿ ಓದುತ್ತ ಬಂದಳು. ನನಗೆ ಅಳು ಬರುವಂತಾಗಿತ್ತು. ಸೂಜಿ ಚುಚ್ಚಿತು ಎಂದು ಸುಳ್ಳು ಹೇಳಿದೆ.

ಗೌರಿ ಆ ಕೌದಿಯನ್ನು ಬಹಳ ವರ್ಷ ಹೊದ್ದಳು. ಸಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಸಂಜೆ ಮನೆಗೆ ಬಂದು ನೋಡುತ್ತೇನೆ, ಅಂಗಳದಲ್ಲಿ ಕೌದಿ ಹಾಸಿಕೊಂಡು, ನನ್ನ ಭೂತಗನ್ನಡಿ ಹಿಡಿದು ಮೊಣಕಾಲೂರಿ ಕೂತಿದ್ದಾಳೆ. ಒಂದೇ ಗಂಟಿನ ಆ ಮಗ್ಗಲು ಆಗಲೇ ಬಾಯಿ ಬಿಟ್ಟಿತ್ತು. ಒಲೆಯ ಮುಂದಿನಿಂದ ಶಾಂತಾ ಕೂಗುತ್ತಿದ್ದಳು: "ನಿಮ್ಮ ಮಗಳನ್ನ ನೋಡ್ರಿ, ಥೇಟ್ ನಿಮ್ಮಂಗ!" ನಾನು ಬೈಯಬೇಕೆಂದೇ ಹೋದೆ. ಹೋದವನು ಆಕೆಯ ಪಕ್ಕದಲ್ಲಿ ಕೂತು, "ಏನರೆ ಸಿಕ್ಕಿತೇನು?" ಎಂದು ಕೇಳಿದೆ. ಬಹಳ ದಿನಗಳಿಂದ ನನಗೂ ಅದನ್ನೇ ನೋಡಬೇಕೆಂದಿತ್ತು. ರೊಟ್ಟಿಯ ಚೂರು ಇರಲಿಲ್ಲ. ಪುಡಿಯಾಗಿ, ಒಂದು ಚಿಟಿಕೆ ಹಿಟ್ಟು ಮಾತ್ರ ಉಳಿದಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಹಿಂದೊಮ್ಮೆ ಹೇಳಿದ್ದ, ಕೌದಿಗೆ ಉಣಿಸುವ ಕಥೆ ಗೌರಿಗೆ ನೆನಪಿತ್ತು. ಕಣ್ಣು ಅಗಲ ಮಾಡಿ, "ಅಪ್ಪಾ, ಕೌದಿ ಉಂಡುಬಿಟ್ಟೈತಿ!" ಎಂದಳು. ವಿಜ್ಞಾನದ ಮಾಸ್ತರನಾಗಿ ನಾನು ಏನಾದರೂ ಹೇಳಬೇಕಾಗಿತ್ತು. ಒಳಗೆ ಹೋಗಿ ರೊಟ್ಟಿಯ ಚೂರು ತಂದೆ.

ಅಂದು ಅವಳಿಗೆ ಅಂಚಿನ ಹೊಲಿಗೆ ಕಲಿಸಿದೆ, ಗಂಟು ಒಂದೇ ಹಾಕಬೇಕೆಂದು ಹೇಳಿದೆ. ಕೌದಿ ಈಗ ನನ್ನ ಹತ್ತಿರವೇ ಇದೆ. ಸೀರೆ ಸವೆದಿದೆ, ಸಾಲುಗಳು ಅಲ್ಲಲ್ಲಿ ಬಿಟ್ಟಿವೆ, ಆದರೆ ಸಿಂದಗಿಯ ಪಡಸಾಲೆಯಲ್ಲಿ ನಾನು ಹೊಲಿದ ಆ ಮಗ್ಗಲು ಮಾತ್ರ ಇವತ್ತಿಗೂ ಜಪ್ಪಯ್ಯ ಎಂದರೂ ಬಿಟ್ಟಿಲ್ಲ. ನಿವೃತ್ತನಾದ ಮೇಲೆ ಹೊತ್ತು ಹೋಗದಾಗ ಭೂತಗನ್ನಡಿ ಹಿಡಿದು ಅದರ ಮುಂದೆ ಕೂಡುತ್ತೇನೆ. ಒಳಗೆ ನಾನು ಏನೇನು ಗಂಟು ಹಾಕಿದ್ದೇನೋ, ಒಂದು ಸಲ ಬಿಚ್ಚಿ ನೋಡಬೇಕೆಂದು ಬಹಳ ಆಸೆಯಿದೆ.